ಹುಡುಕುಪದ ಕಟ್ಟುವುದು: ‘ಫ್ರಾಂಕನ್‌ಸ್ಟೈನ್’ ಇಟ್ಟುಕೊಂಡು ಒಂದು ಲೆಕ್ಕ

‘ಫ್ರಾಂಕನ್‌ಸ್ಟೈನ್‌ನಲ್ಲಿ ತಾಯ್ತನದ ಭಯ ಹೇಗೆ ಬಂದಿದೆ?’ ಮೇರಿ ಶೆಲ್ಲಿಯ ಈ ಕಾದಂಬರಿಯ ವಿಮರ್ಶೆ ಹುಡುಕಲು ಹೊರಟಾಗಿನ ಪ್ರಶ್ನೆ ಇದು. ಇದನ್ನು ಇದ್ದಹಾಗೇ ಸಾಹಿತ್ಯ ವಿಮರ್ಶೆಯ ಲೇಖನ, ಪುಸ್ತಕಗಳ ಸೂಚಿಯಾದ ಎಂಎಲ್ಎ ಬಿಬ್ಲಿಯಾಗ್ರಫಿಗೆ ಕೊಟ್ಟರೆ ಬಹುತೇಕ ಸೊನ್ನೆ. ಅದು ಮುಖ್ಯವಾಗಿ ಶೀರ್ಷಿಕೆ, ವಿಷಯಸೂಚಿಗಳನ್ನೇ ನೋಡುತ್ತದೆ. ವಿದ್ವತ್ ಲೇಖನಗಳ ಆನ್‌ಲೈನ್ ಭಂಡಾರವಾದ ಜೆಸ್ಟೋರ್ ಲೇಖನದ ಒಳಪಠ್ಯವನ್ನೂ ಜಾಲಾಡುವುದರಿಂದ ಅಲ್ಲಿ ಸಾವಿರಗಟ್ಟಲೆ ಕಸ. ಹಾಗಾಗಿ ಮೊದಲು ಹಾಳೆಯ ಮೇಲೆ ಮೂರು ಕಾಲಂ ಎಳೆಯುತ್ತೇನೆ: ಲೇಖಕಿ, ಕೃತಿ, ವಿಷಯ.

ಹೆಚ್ಚು ಎಡವುವುದು ಲೇಖಕಿಯ ಹೆಸರಿನಲ್ಲೇ. ಬರೀ ‘ಶೆಲ್ಲಿ’ ಎಂದರೆ ಗಂಡ ಪರ್ಸಿ ಮುನ್ನುಗ್ಗುತ್ತಾನೆ. ‘ಮೇರಿ ವೋಲ್‌ಸ್ಟನ್‌ಕ್ರಾಫ್ಟ್’ ಎಂದರೆ ತಾಯಿ ಬರುತ್ತಾಳೆ. ಅಮೆರಿಕದ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನ ಪದ್ಧತಿಯ ಕ್ಯಾಟಲಾಗಿನಲ್ಲಿ ‘ಶೆಲ್ಲಿ, ಮೇರಿ ವೋಲ್‌ಸ್ಟನ್‌ಕ್ರಾಫ್ಟ್, 1797-1851’ ಎಂಬ ವಿಷಯಶೀರ್ಷಿಕೆಯನ್ನೇ ಹಿಡಿಯಬೇಕು. ಅದರ ಬೆನ್ನಿಗೆ ‘ಕ್ರಿಟಿಸಿಸಂ ಆ್ಯಂಡ್ ಇಂಟರ್‌ಪ್ರಿಟೇಶನ್’ ಇದ್ದರೆ ಒಟ್ಟು ಬರವಣಿಗೆಯ ವಿಮರ್ಶೆ. ಈ ಒಂದೇ ಕಾದಂಬರಿಯ ಮೇಲಿನ ಪುಸ್ತಕಕ್ಕೆ ಆ ಬಾಲ ಇರುವುದಿಲ್ಲ, ಹೆಸರಿನ ಪಕ್ಕ ಕೃತಿಯ ಹೆಸರಿರುತ್ತದೆ. ಎರಡನ್ನೂ ನೋಡದಿದ್ದರೆ ಅರ್ಧ ಕಪಾಟು ತಪ್ಪಿಹೋಗುತ್ತದೆ.

ಕೃತಿಯ ಕಾಲಂ ಸಲೀಸು. 1818ರ ಪಠ್ಯಕ್ಕೂ ತಿದ್ದಿದ 1831ರ ಪಠ್ಯಕ್ಕೂ ಹೋಲಿಕೆ ಬೇಕಿದ್ದರೆ ಆ ಇಸವಿಗಳೇ ಒಳ್ಳೆಯ ಹುಡುಕುಪದ.

ವಿಷಯಕ್ಕೆ ನಮ್ಮ ಮಾತಲ್ಲ, ವಿಮರ್ಶಕರ ಮಾತು ಬೇಕು: ಮದರ್‌ಹುಡ್, ಮೆಟರ್ನಲ್, ಬರ್ತ್, ಪ್ರೊಕ್ರಿಯೇಶನ್. ಇವನ್ನು ‘ಆರ್’ನಿಂದ (ಯಾವುದಾದರೂ ಒಂದಿದ್ದರೆ ಸಾಕು) ಬೆಸೆದು ಕಂಸದೊಳಗಿಟ್ಟು, ‘ಆ್ಯಂಡ್’ (ಎರಡೂ ಇರಲೇಬೇಕು) ಹಾಕಿ ಕೃತಿಯ ಹೆಸರಿಗೆ ಜೋಡಿಸುತ್ತೇನೆ. ಕಂಸ ಮರೆತರೆ ಹಲವು ವ್ಯವಸ್ಥೆಗಳು ‘ಆ್ಯಂಡ್’ ಅನ್ನು ಮೊದಲು ಬಿಡಿಸುತ್ತವೆ. ಆಗ ಬರ್ತ್ ಎಂಬ ಪದವಿರುವ ಎಲ್ಲ ದಾಖಲೆಯೂ ಬಂದು ಬೀಳುತ್ತದೆ. ಪದದ ಉಳಿದ ಭಾಗ ಏನಿದ್ದರೂ ಸರಿ ಎನ್ನುವ ನಕ್ಷತ್ರ ಚಿಹ್ನೆ (*) ಎಲ್ಲಿ ಹಾಕುತ್ತೇವೆ ಎಂಬುದೂ ಮುಖ್ಯ. ಎಂ-ಎ-ಟಿ-ಇ-ಆರ್-ಎನ್ ಆದಮೇಲೆ ಹಾಕಿದರೆ ಮೆಟರ್ನಲ್, ಮೆಟರ್ನಿಟಿ ಸಿಗುತ್ತವೆ. ಒಂದಕ್ಷರ ಮೊದಲೇ, ‘ಆರ್’ ಅಕ್ಷರದ ಬಳಿ ನಿಲ್ಲಿಸಿದರೆ ಮೆಟೀರಿಯಲ್, ಮೆಟೀರಿಯಲಿಸಂ ಎಲ್ಲ ನುಗ್ಗುತ್ತವೆ.

‘ಮಾನ್‌ಸ್ಟರ್’ ಜತೆ ‘ಕ್ರೀಚರ್’ ಕೂಡ ಇರಲಿ, ಕಾದಂಬರಿಯಲ್ಲಿ ಸೃಷ್ಟಿಯಾದ ಜೀವಿಗೆ ಎರಡೂ ಹೆಸರುಂಟು. ಎಷ್ಟೋ ವಿಮರ್ಶಕರು ಎರಡನೆಯದನ್ನೇ ಬಳಸುತ್ತಾರೆ. ಸಿನಿಮಾ ಕಾಟ ತಪ್ಪಿಸಲು ‘ನಾಟ್ ಫಿಲ್ಮ್’ (ಆ ಪದವಿರುವ ದಾಖಲೆ ಬೇಡ) ಹಾಕುವುದು ನನಗೆ ಹಿಡಿಸದು. ಸಾರಾಂಶದಲ್ಲಿ ‘ಸಿನಿಮಾ ಬಿಟ್ಟು ಕಾದಂಬರಿಯನ್ನು ನೋಡೋಣ’ ಎಂದಿರುವ ಲೇಖನವೂ ಅದರಿಂದ ಮಾಯವಾಗುತ್ತದೆ. ಅದರ ಬದಲು ಕೃತಿಯ ಹೆಸರನ್ನು ಎಂಎಲ್ಎಯ ‘ಪ್ರೈಮರಿ ಸಬ್ಜೆಕ್ಟ್ ವರ್ಕ್’ (ಲೇಖನ ಚರ್ಚಿಸುವ ಮೂಲಕೃತಿ) ಕ್ಷೇತ್ರದಲ್ಲಿ ಕೊಡುವುದು ವಾಸಿ.

ಒಳ್ಳೆಯ ಲೇಖನ ಒಂದೇ ಸಿಕ್ಕರೂ ಸಾಕು. ಅದರ ದಾಖಲೆ ತೆರೆದು, ಸೂಚಿಕಾರರು ಹಾಕಿದ ವಿಷಯಪದಗಳನ್ನು ಮೂರನೇ ಕಾಲಂಗೆ ಇಳಿಸಿಕೊಂಡು ಎರಡನೇ ಸುತ್ತು ಶುರುಮಾಡುತ್ತೇನೆ.