ರಾಜಮಾಚಿಗೆ ಹೆಣ್ಣುಮಕ್ಕಳೇ ಸೇರಿ ಹೊರಟಿದ್ದೀರಾ? ಇದನ್ನು ಓದಿ

ಮಳೆ ಶುರುವಾದರೆ ನಮ್ಮ ಪುಣೆ ಗೆಳತಿಯರು ಲೋಣಾವಳ ಹತ್ತಿರದ ರಾಜಮಾಚಿ ಕೋಟೆಯ ಚಾರಣದ ಬಗ್ಗೆ ಕೇಳುವುದು ಜಾಸ್ತಿ, ಅದಕ್ಕೇ ಬರೆಯುತ್ತಿದ್ದೇನೆ. ಮೊದಲ ಸಲ ಆದರೆ ಲೋಣಾವಳ ಕಡೆಯಿಂದಲೇ ನಡೆಯಿರಿ. ಸುಮಾರು 15 ಕಿ.ಮೀ., ದೂರ ಹೌದು, ಆದರೆ ಏರು ಕಡಿಮೆ. ಕರ್ಜತ್ ಕಡೆಯ ಕೊಂಡಿವಡೆ ದಾರಿ ಕಡಿದಾದದ್ದು, ಮಳೆಯಲ್ಲಿ ಜಾರುತ್ತದೆ.

ಉಳಿಯುವುದು ಕೋಟೆ ಬುಡದ ಉಧೇವಾಡಿ ಹಳ್ಳಿಯ ಮನೆಗಳಲ್ಲಿ. ಮೊದಲೇ ಫೋನ್ ಮಾಡಿ ಎಷ್ಟು ಜನ, ಊಟ ಏನು, ಶೌಚಾಲಯ ಎಷ್ಟು ದೂರ, ರಾತ್ರಿ ಅಲ್ಲಿ ದೀಪ ಇರುತ್ತಾ ಅಂತ ಎಲ್ಲ ಕೇಳಿಬಿಡಿ, ಸಂಕೋಚ ಬೇಡ. ನಾವು ಐದು ಜನ ಹೋದಾಗ ಆ ಮನೆಯ ಅಜ್ಜಿ ಒಲೆ ಮೇಲಿಂದ ಭಾಕರಿ (ರೊಟ್ಟಿ) ತೆಗೆದು ನೇರ ತಟ್ಟೆಗೆ ಹಾಕಿದರು, ಜೊತೆಗೆ ಕಡಲೆಹಿಟ್ಟಿನ ಬಿಸಿ ಪಿಠಲ. ನನಗೆ ಊರಿನ ಜುಣಕವೇ ನೆನಪಾಯಿತು!

ಒಣ ಬಟ್ಟೆ ಮಾತ್ರ ಮರೆಯಬೇಡಿ. ನನ್ನ ಬ್ಯಾಗಿಗೆ ರೇನ್ ಕವರ್ ಇತ್ತು, ಆದರೂ ಬೆನ್ನಿನ ಕಡೆಯಿಂದ ನೀರು ಇಳಿದು, ಮಲಗುವ ಹೊತ್ತಿಗೆ ಸಾಕ್ಸ್ ಹಿಂಡಿದರೆ ನೀರು ಸುರಿಯುತ್ತಿತ್ತು, ಬೆಳಗಿನವರೆಗೂ ನಡುಗಿದೆ. ಒಂದು ಜೊತೆ ಬಟ್ಟೆ, ಟವೆಲ್, ಸಾಕ್ಸ್ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗಂಟು ಕಟ್ಟಿ.

ಡೇಟ್ ಹತ್ತಿರ ಇರಲಿ, ಇಲ್ಲದಿರಲಿ, ಪ್ಯಾಡ್ ಇಟ್ಟುಕೊಳ್ಳಿ. ಬಳಸಿದ್ದನ್ನು ಪೇಪರ್‌ನಲ್ಲಿ ಸುತ್ತಿ ವಾಪಸ್ ತನ್ನಿ, ಹಳ್ಳಿಯಲ್ಲಿ ಕಸದ ಗಾಡಿ ಬರುವುದಿಲ್ಲ.

ನಿಧಾನ ನಡೆಯುವವಳನ್ನು ಮುಂದೆ ಬಿಡಿ. ಹಳ್ಳದ ನೀರು ಮೊಣಕಾಲು ಮುಟ್ಟಿದರೆ ದಾಟಲೇಬೇಡಿ, ಕಾಯಿರಿ, ಇಳಿಯದಿದ್ದರೆ ವಾಪಸ್ ಬನ್ನಿ.