ಹಳೆಯ ಫ್ಲ್ಯಾಶ್, ಹೊಸ ಕ್ಯಾಮೆರಾ

ಮಾವನವರ ರೀಲ್ ಕಾಲದ ಫ್ಲ್ಯಾಶ್ ಇನ್ನೂ ಗಟ್ಟಿಮುಟ್ಟಾಗಿದೆ. ಹುತ್ತರಿಯ ರಾತ್ರಿ ಗದ್ದೆಯಲ್ಲಿ ಕದಿರು ತೆಗೆಯುವುದನ್ನು ಅದರ ಬೆಳಕಿನಲ್ಲೇ ಸೆರೆಹಿಡಿಯುವ ಆಸೆ. ಅದರ ವೋಲ್ಟೇಜ್ ಹೆಚ್ಚಿದ್ದರೆ ಕ್ಯಾಮೆರಾ ಕೆಟ್ಟೀತೆಂದು, ಡಿಜಿಟಲ್ ಕ್ಯಾಮೆರಾದ ನೆತ್ತಿಗೆ ಸಿಕ್ಕಿಸುವ ಮೊದಲು ಮಲ್ಟಿಮೀಟರ್ ಹಿಡಿದೆ. ಬ್ಯಾಟರಿ ಹಾಕಿ, ಸಿದ್ಧವೆಂದು ತೋರಿಸುವ ದೀಪ ಹೊತ್ತಿಕೊಂಡ ಮೇಲೆ, ಬುಡದ ನಡುವಿನ ಬಿಂದುವಿಗೂ ಪಕ್ಕದ ಲೋಹದ ಅಂಚಿಗೂ ಮೀಟರಿನ ಕಡ್ಡಿ ಮುಟ್ಟಿಸಿದರೆ 200 ವೋಲ್ಟ್ ದಾಟಿತು! ಕೆಲವು ಕ್ಯಾಮೆರಾಗಳು 250 ವೋಲ್ಟ್‌ವರೆಗೆ ತಾಳುತ್ತವೆ. ಮೊದಮೊದಲ ಕೆಲವು ಡಿಜಿಟಲ್ ಮಾದರಿಗಳಿಗೆ 6 ವೋಲ್ಟೇ ಮಿತಿ. ನನ್ನ ಕ್ಯಾಮೆರಾದ ಕೈಪಿಡಿಯಲ್ಲಿ ಈ ಬಗ್ಗೆ ಚಕಾರವಿಲ್ಲ.

ಹಾಗಾಗಿ ಫ್ಲ್ಯಾಶನ್ನು ದೂರವೇ ಇಟ್ಟು, ಬೇರೆ ಫ್ಲ್ಯಾಶಿನ ಬೆಳಕು ಕಂಡೊಡನೆ ಅದನ್ನು ಹೊತ್ತಿಸುವ, ಹೆಚ್ಚು ವೋಲ್ಟ್ ತಾಳುವ ಸ್ಲೇವ್ ಜೋಡಿಸಿದೆ. ಆದರೂ ಚಿತ್ರವೆಲ್ಲ ಕತ್ತಲೆ. ಕ್ಯಾಮೆರಾದ ಪುಟ್ಟ ಫ್ಲ್ಯಾಶ್ ಬೆಳಕಿನ ಅಳತೆಗೆಂದು ಮೊದಲೇ ಒಮ್ಮೆ ಮಿಂಚುತ್ತದೆ. ನಮ್ಮ ಮುದುಕಪ್ಪ ಅದಕ್ಕೇ ಬೆಳಗಿ ಖಾಲಿಯಾಗುತ್ತಿದ್ದ. ಪುಟ್ಟದನ್ನು ಮ್ಯಾನ್ಯುಯಲ್‌ಗೆ ಬದಲಿಸಿದ ಮೇಲೆ ಆ ಮೊದಲ ಮಿಂಚು ನಿಂತು, ಎರಡೂ ಒಟ್ಟಿಗೆ ಮಿಂಚಿದವು.

ಹಬ್ಬದ ದಿನ ಇನ್ನೊಂದು ತಕರಾರು. ಎದುರಿಗೆ ಕೊಡವರ ನಿಲುವಂಗಿಯಾದ ಕಪ್ಪು ಕುಪ್ಯ ತೊಟ್ಟವರ ಸಾಲು. ಮರಳಿ ಬರುವ ಬೆಳಕನ್ನು ಅಳೆಯುವ ಫ್ಲ್ಯಾಶಿನ ಆಟೊ ಕಣ್ಣು ಕಪ್ಪನ್ನು ಕತ್ತಲೆಯೆಂದೇ ಎಣಿಸಿ ಬೆಳಕು ಸುರಿಯಿತು, ಮುಖಗಳು ಸುಣ್ಣ ಬಳಿದಂತೆ ಬಿಳುಚಿದವು. ಲೆನ್ಸಿನ ಬೆಳಕಿನ ಕಿಂಡಿಯಾದ ಅಪರ್ಚರನ್ನು ಒಂದು ಸ್ಟಾಪ್, ಅಂದರೆ ಬೆಳಕು ಅರ್ಧವಾಗುವಷ್ಟು, ಕಿರಿದಾಗಿಸಿದೆ. ಮುಖವೂ ಬಂತು, ಸೊಂಟಕ್ಕೆ ಸುತ್ತಿದ ಚೇಲೆಯ ಕೆಂಪೂ ಬಂತು.