ಮೊಮ್ಮಗನ ವೀಸಾ ಮತ್ತು ನನ್ನ ಇಬ್ಬರು ಹೆಣ್ಣುಮಕ್ಕಳು

ಇಂಡಿ ತಾಲೂಕು ಬಿಟ್ಟು ಪುಣೆಯ ಚಿಂಚವಾಡಕ್ಕೆ ಬಂದು ನಾನು 40 ವರ್ಷ ಕಳೆದಿದ್ದೇನೆ. ಕಿರಿ ಮಗಳು, ಅಳಿಯ ಇಬ್ಬರೂ ಮೂರು ವರ್ಷದೊಳಗೆ ತೀರಿಕೊಂಡರು. ಮೊಮ್ಮಗನಿಗೆ ಆಗ 13, ನನಗೆ 71. ಮೆಲ್ಬರ್ನಿನಲ್ಲಿರುವ ಹಿರಿ ಮಗಳು, ಅಂದರೆ ಅವನ ದೊಡ್ಡಮ್ಮ, "ಅಪ್ಪಾ, ಅವನ್ನ ನನ್ನ ಕಡೆ ಕಳಿಸು, ನಾ ನೋಡ್ಕೋತೀನಿ" ಅಂದಳು.

ದತ್ತು ಕೊಡಬೇಕೇನೋ ಅಂದುಕೊಂಡಿದ್ದೆವು. ಬೇಕಾಗಲಿಲ್ಲ. ಆಸ್ಟ್ರೇಲಿಯಾದಲ್ಲಿ ಅನಾಥ ಬಂಧುಗಳಿಗೆಂದೇ 117 ನಂಬರಿನ ವೀಸಾ ಇದೆ. ಅರ್ಜಿ ಹಾಕುವ ದಿನ ಮಗುವಿಗೆ 18 ತುಂಬಿರಬಾರದು, ಮದುವೆಯಾಗಿರಬಾರದು. ತಂದೆ ತಾಯಿ ಇಬ್ಬರೂ ತೀರಿಹೋಗಿರಬೇಕು, ಇಲ್ಲವೇ ಶಾಶ್ವತವಾಗಿ ಅಸಮರ್ಥರಾಗಿರಬೇಕು, ಇಲ್ಲವೇ ಎಲ್ಲಿದ್ದಾರೆಂದೇ ತಿಳಿದಿರಬಾರದು. ಕೆನಡಾದಲ್ಲಿ ಈ ಸಡಿಲಿಕೆ ಇಲ್ಲ, ಇಬ್ಬರೂ ತೀರಿಹೋಗಿರಲೇಬೇಕು.

ಸಿಡ್ನಿಯಲ್ಲಿ ನನ್ನ ತಮ್ಮನ ಮಗನೂ ಇದ್ದಾನೆ. ಅವನೇ ಮೊದಲು ಮುಂದೆ ಬಂದದ್ದು. ನಮ್ಮ ಮಾತಿನಲ್ಲಿ ಅವನು ಹುಡುಗನಿಗೆ ಮಾಮಾ. ಅವರ ಕಾನೂನಿನಲ್ಲಿ ಯಾರೂ ಅಲ್ಲ! ಮಗುವನ್ನು ಕರೆಸಿಕೊಳ್ಳುವವರು ಅಜ್ಜ, ಅಜ್ಜಿ, ಒಡಹುಟ್ಟಿದವರು, ತಂದೆ ತಾಯಿಯ ಸ್ವಂತ ಅಣ್ಣ-ತಮ್ಮ ಅಕ್ಕ-ತಂಗಿ, ಇಂಥವರೇ ಆಗಬೇಕು. ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು ಲೆಕ್ಕಕ್ಕಿಲ್ಲ.

ಹಾಗಾಗಿ ನನ್ನ ಹೆಣ್ಣುಮಕ್ಕಳಿಬ್ಬರೂ ಅಕ್ಕ-ತಂಗಿ ಅಂತ ನಾನು ತೋರಿಸಬೇಕಾಯಿತು. ಹೆತ್ತ ಅಪ್ಪನಿಗೆ ಇದೆಂಥ ಪರೀಕ್ಷೆ ಅಲ್ವಾ? ಹಿರಿಯವಳು 1979ರಲ್ಲಿ ಊರಿನ ಮನೆಯಲ್ಲೇ ಹುಟ್ಟಿದವಳು, ಜನನ ನೋಂದಣಿಯೇ ಇಲ್ಲ. ಶಾಲೆ ದಾಖಲೆಯಲ್ಲಿ ನನ್ನ ಹೆಸರಿದೆ, ತಾಯಿಯದ್ದಿಲ್ಲ. ಕಿರಿಯವಳು ಪುಣೆಯ ಆಸ್ಪತ್ರೆಯಲ್ಲಿ ಹುಟ್ಟಿದ್ದು, ಆ ಕಾಗದ ಸರಿಯಿತ್ತು. ಆದರೆ ಅಳಿಯ ಮರಾಠಿಯವನು. ಅವರ ಪದ್ಧತಿಯಂತೆ ಮದುವೆ ದಿನ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಅವಳ ಹೊಸ ಹೆಸರು ಬರೆಸಿದ್ದರು. ಆಗ ನಾವೆಲ್ಲ ನಕ್ಕು ಫೋಟೋ ತೆಗೆಸಿಕೊಂಡಿದ್ದೆವು. ಈಗ ನೋಡಿದರೆ ಮರಣ ಪತ್ರದಲ್ಲಿರುವ ಹೆಣ್ಣುಮಗಳ ಹೆಸರೂ ಬೇರೆ, ನಡುವಿನ ಹೆಸರೂ (ಅಪ್ಪನದರ ಬದಲು ಗಂಡನದು) ಬೇರೆ. ಮದುವೆ ನೋಂದಣಿ ಪತ್ರ, ಎರಡೂ ಹೆಸರಿನವಳು ಒಬ್ಬಳೇ ಎಂಬ ಅಫಿಡವಿಟ್, ಹಳೇ ರೇಷನ್ ಕಾರ್ಡು ಎಲ್ಲ ಜೋಡಿಸಿದೆ. ಊರಿಗೆ ಹೋಗಿ ತಲಾಠಿಯನ್ನು (ಗ್ರಾಮ ಲೆಕ್ಕಿಗರನ್ನು) ಹಿಡಿದು, ನಾಡಕಚೇರಿಯಿಂದ ವಂಶವೃಕ್ಷ ಮಾಡಿಸಿದೆ. ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಅದೇ. ಅದನ್ನು ಇಂಗ್ಲಿಷಿಗೆ ಮಾಡಿಸಲು ಮಾತ್ರ ಅಲೆದಾಟ. ಪುಣೆಯಲ್ಲಿ ಮರಾಠಿ ಅನುವಾದಕರು ಹೆಜ್ಜೆಗೊಬ್ಬರು, ಕನ್ನಡಕ್ಕೆ ಹುಡುಕಬೇಕು.

ಕೋರ್ಟಿನಲ್ಲಿ ಎಡವಿದೆವು. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಫ್ಯಾಮಿಲಿ ಕೋರ್ಟು ನನ್ನನ್ನು ಪಾಲಕನನ್ನಾಗಿ ಮಾಡಿತು. ಮುಗೀತು ಅಂದುಕೊಂಡೆ. ಅದೇ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ, ಅನುಮತಿ ಇಲ್ಲದೆ ಮಗುವನ್ನು ಆ ಕೋರ್ಟಿನ ವ್ಯಾಪ್ತಿಯಿಂದ ಹೊರಗೆ ಕರೆದೊಯ್ಯುವ ಹಾಗಿಲ್ಲ. ನಮ್ಮ ವಕೀಲರು ಕೋರ್ಟಿನಲ್ಲಿ ಆ ಅನುಮತಿಯನ್ನು ಕೇಳಿರಲೇ ಇಲ್ಲ. ಮತ್ತೆ ಅರ್ಜಿ, ಮತ್ತೆ ತಾರೀಖು, ಎಂಟು ತಿಂಗಳು ಸುಮ್ನೆ ಹೋಯಿತು. ನೀವು ಪಾಲಕತ್ವ, ಹೊರಗೆ ಕರೆದೊಯ್ಯುವ ಅನುಮತಿ ಎರಡನ್ನೂ ಒಟ್ಟಿಗೇ ಕೇಳಿ. ಅಳಿಯನ ತಾಯಿಯ ಒಪ್ಪಿಗೆ ಪತ್ರವನ್ನೂ ಇಟ್ಟಿದ್ದೆವು. ನ್ಯಾಯಾಧೀಶರು ಹುಡುಗನನ್ನು ಒಳಗೆ ಕರೆದು ಒಬ್ಬನನ್ನೇ ಮಾತಾಡಿಸಿದರು. ಏನು ಹೇಳಿದನೋ, ನಾನು ಇವತ್ತಿಗೂ ಕೇಳಿಲ್ಲ.

ಆಮೇಲೆ ಕಾಯುವುದು, ಅದೂ ವರ್ಷಗಟ್ಟಲೆ. ಕಾಯುವಾಗ 18 ದಾಟಿದರೆ ಅದೊಂದೇ ಕಾರಣಕ್ಕೆ ಅರ್ಜಿ ಬಿದ್ದುಹೋಗುವುದಿಲ್ಲ ಎಂದು ತಿಳಿದ ಮೇಲೇ ನನಗೆ ನಿದ್ದೆ ಬಂದದ್ದು. ವೀಸಾ ಕೈಗೆ ಬರುವಷ್ಟರಲ್ಲಿ ಹುಡುಗ ಹತ್ತನೇ ಮುಗಿಸಿ ಕಾಲೇಜು ಸೇರಿದ್ದ. ಆ ವಂಶವೃಕ್ಷದ ಪ್ರತಿಯನ್ನು ಈಗ ಊರಿನ ತಮ್ಮ ಹೊಲದ ಕಾಗದಪತ್ರದ ಕೆಲಸಕ್ಕೆ ಬೇಕೆಂದು ಒಯ್ದಿದ್ದಾನೆ.